ಗೆರೆಗಳು ಸಂಧಿಸುವ ಬಿಂದು



ತಪಸ್ಸುಕಾಲ ಬಂತೆಂದರೆ ನಮ್ಮ ಕ್ರೈಸ್ತ ಮನೆಗಳಲ್ಲಿ ಎರಡು ಬಗೆಯ ಉಪವಾಸಗಳು ಜೊತೆಜೊತೆಯಾಗಿ ನಡೆಯುತ್ತವೆ. ಒಂದು ಧರ್ಮಸಭೆ ವಿಧಿಸಿದ್ದು, ಇನ್ನೊಂದು ಹತ್ತನೆಯ ತರಗತಿಯ ಪರೀಕ್ಷೆ ವಿಧಿಸಿದ್ದು. ಟಿ.ವಿ.ಗೆ ಉಪವಾಸ, ಮೊಬೈಲಿಗೆ ಉಪವಾಸ, ನೆಂಟರಿಷ್ಟರ ಮನೆಗೆ ಹೋಗುವುದಕ್ಕೂ ಉಪವಾಸ. ಈ ದಿನಗಳಲ್ಲಿ ನಿಮ್ಮ ಊಟದ ಮೇಜಿನ ಮೇಲೆ ಸಣ್ಣ ಸಣ್ಣ ಚೌಕಗಳಿರುವ ಒಂದು ಹಾಳೆ ಬಿದ್ದಿರುವುದನ್ನು ನೀವು ಕಂಡಿರಬಹುದು. ಅದರ ಮೇಲೆ ಎರಡು ಓರೆ ಗೆರೆಗಳು. ಅವು ಒಂದನ್ನೊಂದು ಕತ್ತರಿಸುವಲ್ಲಿ ಪೆನ್ಸಿಲಿನಿಂದ ಒತ್ತಿ ಇಟ್ಟ ಒಂದು ಚುಕ್ಕೆ. 'ನಕ್ಷೆಯ ವಿಧಾನದಿಂದ ಬಿಡಿಸಿ' ಎಂದು ಎಸ್.ಎಸ್.ಎಲ್.ಸಿ. ಗಣಿತ ಪತ್ರಿಕೆಯಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಅದು. ಮೂವತ್ತು ವರ್ಷಗಳಷ್ಟು ಕಾಲ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದ ನಾನು, ಆ ಚುಕ್ಕೆಯ ಬಗ್ಗೆ ನಿಮ್ಮೊಡನೆ ನಾಲ್ಕು ಮಾತು ಆಡಬಯಸುತ್ತೇನೆ. ಗಣಿತವೆಂದ ಕೂಡಲೇ ಪುಟ ತಿರುವಬೇಡಿ. ಕೂಡುವುದು, ಕಳೆಯುವುದು ಬಂದರೆ ಸಾಕು.

ಧರ್ಮಕೇಂದ್ರದ ಹಬ್ಬಕ್ಕೆಂದು ಮಗನನ್ನು ಮೇಣದ ಬತ್ತಿ ತರಲು ಕಳುಹಿಸಿದ್ದೀರಿ ಎಂದುಕೊಳ್ಳಿ. ದೊಡ್ಡ ಬತ್ತಿಗೆ 20 ರೂಪಾಯಿ, ಚಿಕ್ಕದಕ್ಕೆ 10 ರೂಪಾಯಿ. ಅವನು ಬಂದು "ಒಟ್ಟು 10 ಬತ್ತಿ ತಂದೆ" ಎನ್ನುತ್ತಾನೆ. ದೊಡ್ಡವೆಷ್ಟು, ಚಿಕ್ಕವೆಷ್ಟು? ಇಷ್ಟರಿಂದಲೇ ಹೇಳಲಾಗದು. ದೊಡ್ಡದು ಒಂದೂ ಇಲ್ಲದೆ ಚಿಕ್ಕವೇ ಹತ್ತಿರಬಹುದು, ಒಂದು ದೊಡ್ಡದು ಒಂಬತ್ತು ಚಿಕ್ಕವು ಇರಬಹುದು, ಐದೈದು ಇರಬಹುದು. ಈ ಸಾಧ್ಯತೆಗಳನ್ನೆಲ್ಲ ಚೌಕದ ಹಾಳೆಯ ಮೇಲೆ ಚುಕ್ಕೆಗಳಾಗಿ ಗುರುತಿಸಿ. ದೊಡ್ಡವುಗಳ ಸಂಖ್ಯೆಯನ್ನು ಅಡ್ಡಲಾಗಿ, ಚಿಕ್ಕವುಗಳ ಸಂಖ್ಯೆಯನ್ನು ಮೇಲ್ಮುಖವಾಗಿ ಎಣಿಸಿಕೊಂಡು ಹೋದರೆ ಹನ್ನೊಂದು ಚುಕ್ಕೆಗಳೂ ಒಂದೇ ಸರಳರೇಖೆಯ ಮೇಲೆ ಸಾಲಾಗಿ ಕುಳಿತುಕೊಳ್ಳುತ್ತವೆ. ರೇಖಾತ್ಮಕ ಸಮೀಕರಣವೆಂಬ ಹೆಸರು ಬಂದದ್ದು ಹೀಗೆ. ಈಗ ಮಗ ಇನ್ನೊಂದು ಮಾತು ಸೇರಿಸುತ್ತಾನೆ: "140 ರೂಪಾಯಿ ಖರ್ಚಾಯಿತು." ಈ ಮಾತಿಗೂ ತನ್ನದೇ ಸಾಧ್ಯತೆಗಳಿವೆ. ಚಿಕ್ಕವೇ ಹದಿನಾಲ್ಕು, ಅಥವಾ ದೊಡ್ಡವೇ ಏಳು, ಅಥವಾ ಐದು ದೊಡ್ಡವು ನಾಲ್ಕು ಚಿಕ್ಕವು. ಇವೂ ಇನ್ನೊಂದು ಸಾಲಾಗಿ ನಿಲ್ಲುತ್ತವೆ. ಆ ಎರಡು ಸಾಲುಗಳಿಗೂ ಸೇರಿದ ಚುಕ್ಕೆ ಒಂದೇ ಒಂದು: ನಾಲ್ಕು ದೊಡ್ಡವು, ಆರು ಚಿಕ್ಕವು. ಕೂಡಿ ನೋಡಿ, ಬತ್ತಿಗಳು ಹತ್ತು. ಹಣ 80 ಮತ್ತು 60, ಒಟ್ಟು 140.

ಒಂದು ಸಮೀಕರಣವೆಂದರೆ ಒಬ್ಬ ಸಾಕ್ಷಿ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಅವನು ಸುಳ್ಳು ಹೇಳುತ್ತಿಲ್ಲ, ಆದರೆ ಅವನೊಬ್ಬನ ಮಾತಿನಿಂದ ವಿಷಯ ಇತ್ಯರ್ಥವಾಗುವುದಿಲ್ಲ. ಇಬ್ಬರು ಅಥವಾ ಮೂವರು ಸಾಕ್ಷಿಗಳ ಮಾತಿನಿಂದಲೇ ಯಾವ ಸಂಗತಿಯೂ ಸ್ಥಿರವಾಗಬೇಕೆಂದು ಧರ್ಮೋಪದೇಶಕಾಂಡದ 19ನೆಯ ಅಧ್ಯಾಯದಲ್ಲಿ ವಿಧಿಸಿರುವುದು ನಿಮಗೆ ಗೊತ್ತಿದೆ. ಹಾಗೆಂದು ಸಾಕ್ಷಿಗಳು ಇಬ್ಬರಾದ ಮಾತ್ರಕ್ಕೆ ಸತ್ಯ ತಾನಾಗಿ ಹೊರಬರುವುದೂ ಇಲ್ಲ. ಎರಡನೆಯವನು ಮೊದಲನೆಯವನ ಮಾತನ್ನೇ ಬೇರೆ ಶಬ್ದಗಳಲ್ಲಿ ಹೇಳಿದನೆನ್ನಿ: "ತಂದ ಬತ್ತಿಗಳ ಎರಡರಷ್ಟು ಮಾಡಿದರೆ ಇಪ್ಪತ್ತಾಗುತ್ತದೆ." ಆಗ ಅವನ ಗೆರೆ ಮೊದಲ ಗೆರೆಯ ಮೇಲೆಯೇ ಹೋಗಿ ಮಲಗುತ್ತದೆ. ಹಾಳೆಯ ಮೇಲೆ ಕಾಣುವುದು ಒಂದೇ ಗೆರೆ. ಉತ್ತರಗಳು ಮೊದಲೆಷ್ಟಿದ್ದವೋ ಈಗಲೂ ಅಷ್ಟೇ. ಪಾಠಪುಸ್ತಕ ಇವುಗಳನ್ನು ಐಕ್ಯಗೊಳ್ಳುವ ರೇಖೆಗಳು ಎನ್ನುತ್ತದೆ. ನಮ್ಮ ಸಭೆಗಳಲ್ಲಿ ಒಂದೇ ಅಭಿಪ್ರಾಯವನ್ನು ಐದು ಜನ ಎದ್ದು ನಿಂತು ಹೇಳಿ ಐದು ಅಭಿಪ್ರಾಯಗಳು ಬಂದವೆಂದು ವರದಿ ಬರೆದುಕೊಳ್ಳುವುದುಂಟು. ಅದು ಬೇರೆ ಮಾತು.

ಇನ್ನೊಂದು ಬಗೆಯ ಸಾಕ್ಷಿಗಳಿದ್ದಾರೆ. ದಾನಿಯೇಲನ ಗ್ರಂಥದ 13ನೆಯ ಅಧ್ಯಾಯದ ಸುಸನ್ನಳ ಕಥೆಯನ್ನು ತಪಸ್ಸುಕಾಲದ ಐದನೆಯ ವಾರದ ಸೋಮವಾರದ ಬಲಿಪೂಜೆಯಲ್ಲಿ ನಾವು ಕೇಳುತ್ತೇವೆ. ಆ ನಿರಪರಾಧಿ ಹೆಣ್ಣಿನ ಮೇಲೆ ಇಬ್ಬರು ಹಿರಿಯರು ದೋಷ ಹೊರಿಸಿದರು. ಇಬ್ಬರ ಮಾತೂ ಒಂದೇ, ಸಾಕ್ಷಿಗಳ ಸಂಖ್ಯೆಯೂ ಸರಿಯಾಗಿಯೇ ಇತ್ತು, ಜನಸಭೆ ಮರಣದಂಡನೆಯನ್ನೂ ವಿಧಿಸಿತು. ತರುಣ ದಾನಿಯೇಲನು ಅವರನ್ನು ಬೇರೆ ಬೇರೆಯಾಗಿ ನಿಲ್ಲಿಸಿ, ಅದು ಯಾವ ಮರದಡಿಯಲ್ಲಿ ನಡೆಯಿತೆಂದು ಕೇಳಿದ. ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಇನ್ನೊಂದು ಮರ. ಗಣಿತದ ಮೇಷ್ಟರ ಕಣ್ಣಿಗೆ ಇದು ಸಮಾಂತರ ರೇಖೆಗಳ ಕಥೆ. "ಒಟ್ಟು 10 ಬತ್ತಿ" ಎನ್ನುವ ಗೆರೆ, "ಅಲ್ಲ, ಒಟ್ಟು 12" ಎನ್ನುವ ಗೆರೆ: ಎರಡರದೂ ಒಂದೇ ಓರೆ, ಒಂದೇ ದಿಕ್ಕು, ಆದರೆ ಹಾಳೆಯನ್ನು ಎಷ್ಟು ದೊಡ್ಡದು ಮಾಡಿದರೂ ಅವು ಸೇರುವುದಿಲ್ಲ. ಎರಡನ್ನೂ ಒಟ್ಟಿಗೆ ನಿಜಗೊಳಿಸುವ ಸ್ಥಳ ಲೋಕದಲ್ಲಿ ಎಲ್ಲೂ ಇಲ್ಲ. ಸುಸನ್ನಳ ಪ್ರಾಣ ಉಳಿದದ್ದು ಎರಡೂ ಹೇಳಿಕೆಗಳನ್ನು ಒಂದೇ ಹಾಳೆಯ ಮೇಲೆ ಎಳೆದು ನೋಡಿದ ಒಬ್ಬ ಹುಡುಗನಿಂದ. (ಸಮಾಂತರ ರೇಖೆಗಳನ್ನು ಆದರ್ಶ ದಾಂಪತ್ಯಕ್ಕೆ ಹೋಲಿಸುವ ಮದುವೆಯ ಪ್ರಸಂಗಗಳನ್ನು ನಾನು ಕೆಲವು ಬಾರಿ ಕೇಳಿದ್ದೇನೆ. ಎಂದಿಗೂ ಸೇರದ ಎರಡು ಗೆರೆಗಳಲ್ಲಿ ಆದರ್ಶವೇನಿದೆಯೋ ನನಗಂತೂ ತಿಳಿಯದು.)

ಈ ನಕ್ಷೆಯ ಕಲ್ಪನೆ ಎಲ್ಲಿಂದ ಬಂತೆಂದು ಹುಡುಕಿದರೆ ಅಲ್ಲಿ ಒಬ್ಬ ಧರ್ಮಾಧ್ಯಕ್ಷರು ಸಿಗುತ್ತಾರೆ ಎಂಬುದು ನಮ್ಮ ಪತ್ರಿಕೆಯ ಓದುಗರಿಗೆ ಸಂತೋಷ ತರಬಹುದು. ನಿಕೋಲ್ ಒರೆಮ್ ಎಂಬುವರು 14ನೆಯ ಶತಮಾನದ ಫ್ರಾನ್ಸಿನವರು. ಅರಸನಿಗಾಗಿ ಅರಿಸ್ಟಾಟಲನನ್ನು ಫ್ರೆಂಚ್ ಭಾಷೆಗೆ ತಂದವರು. 1377ರಲ್ಲಿ ಲಿಸಿಯೋ ಧರ್ಮಕ್ಷೇತ್ರದ ಅಧ್ಯಕ್ಷರಾಗಿ 1382ರಲ್ಲಿ ತೀರಿಕೊಂಡರು. ಬದಲಾಗುತ್ತ ಹೋಗುವ ವೇಗದಂಥ ಒಂದು ಗುಣವನ್ನು ಚಿತ್ರವಾಗಿ ಬರೆಯಬಹುದೆಂದು ಅವರು ತೋರಿಸಿದರು. ಅಡ್ಡಗೆರೆಯ ಮೇಲೆ ಕಾಲ, ಅದರಿಂದ ನೇರ ಮೇಲಕ್ಕೆದ್ದ ಗೆರೆಗಳಲ್ಲಿ ವೇಗ. ಸಮನಾಗಿ ಹೆಚ್ಚುವ ವೇಗ ಹಾಳೆಯ ಮೇಲೆ ಒಂದು ತ್ರಿಭುಜವಾಗಿ ಕಾಣುತ್ತದೆ. ಅದಾಗಿ ಎರಡೂವರೆ ಶತಮಾನಗಳಿಗೂ ಹೆಚ್ಚು ಕಾಲದ ನಂತರ, ಲಾ ಫ್ಲೇಶ್‌ನ ಯೇಸುಸಭೆಯ ಗುರುಗಳ ವಿದ್ಯಾಲಯದಲ್ಲಿ ಓದಿದ ರೆನೆ ಡೆಕಾರ್ಟ್ 1637ರಲ್ಲಿ ಲೈಡನ್ ನಗರದಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿ, ಅದರ ಅನುಬಂಧವಾದ 'ಜ್ಯಾಮಿತಿ'ಯಲ್ಲಿ ವಕ್ರರೇಖೆಗೂ ಸಮೀಕರಣಕ್ಕೂ ಇರುವ ನಂಟನ್ನು ಸ್ಥಾಪಿಸಿದ. ಅದೇ ಕಾಲದಲ್ಲಿ ಫೆರ್ಮಾ ಎಂಬ ನ್ಯಾಯಾಲಯದ ಅಧಿಕಾರಿಯೂ ಸ್ವತಂತ್ರವಾಗಿ ಅಲ್ಲಿಗೇ ತಲುಪಿದ್ದ. ಡೆಕಾರ್ಟ್ ಹಾಸಿಗೆಯಲ್ಲಿ ಮಲಗಿ ಸೂರಿನ ಮೇಲಿನ ನೊಣವನ್ನು ನೋಡುತ್ತಾ ಇದನ್ನು ಕಂಡುಹಿಡಿದನೆಂಬ ಕಥೆಗೆ ಆಧಾರವಿಲ್ಲ. ಮಕ್ಕಳಿಗೆ ಹೇಳಲು ಚೆನ್ನಾಗಿದೆ, ಅಷ್ಟೇ. ಅವನ ಕೃತಿಗಳನ್ನು 1663ರಲ್ಲಿ ಧರ್ಮಸಭೆ ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿಸಿತು ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಇಂದು ಕನ್ಯಾಮಠದ ಶಾಲೆಗಳಲ್ಲಿ ಸಿಸ್ಟರ್‌ಗಳೇ ಕಪ್ಪು ಹಲಗೆಯ ಮೇಲೆ ಅವನ ಅಕ್ಷಗಳನ್ನು ಎಳೆದು ಕಲಿಸುತ್ತಾರೆ.

ಆದರೆ ನಕ್ಷೆಯ ವಿಧಾನ ಪರೀಕ್ಷೆಗಲ್ಲದೆ ಇನ್ನೆಲ್ಲಿ ಬೇಕಾಗುತ್ತದೆ ಎಂದು ನೀವು ಕೇಳಬಹುದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಇಳಿಯುವ ಘಾಟಿಯಲ್ಲಿ ರೈಲು ಪ್ರಯಾಣ ಮಾಡಿದ್ದೀರಾ? ಎಡಕುಮರಿಯಂತಹ ಕಾಡಿನ ನಡುವಿನ ನಿಲ್ದಾಣದಲ್ಲಿ ರೈಲು ಸುಮ್ಮನೆ ನಿಂತುಬಿಡುತ್ತದೆ. ಯಾರೋ ಕಿಟಕಿಯಿಂದ ಹೊರಗೆ ನೋಡಿ "ಕ್ರಾಸಿಂಗ್ ಇದೆ" ಎನ್ನುತ್ತಾರೆ. ಉಳಿದವರು ಬುತ್ತಿ ಬಿಚ್ಚುತ್ತಾರೆ. 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲು ಮಾರ್ಗದಲ್ಲೂ ಇದು ನಿತ್ಯದ ಅನುಭವ. ಹಳಿ ಒಂದೇ, ರೈಲುಗಳು ಎರಡೂ ದಿಕ್ಕಿನಿಂದ ಬರುತ್ತವೆ. ಯಾವುದನ್ನು ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುವವರು ನಿಲ್ದಾಣದಲ್ಲಿ ಕಾಣುವವರಲ್ಲ; ದೂರದ ನಿಯಂತ್ರಣ ಕೊಠಡಿಯಲ್ಲಿ ಕುಳಿತ ಸೆಕ್ಷನ್ ಕಂಟ್ರೋಲರ್. ಅವರ ಮುಂದೆ ಬಹುಕಾಲ ಇದ್ದದ್ದು ಒಂದು ದೊಡ್ಡ ಚೌಕದ ಹಾಳೆ, ಪೆನ್ಸಿಲು ಮತ್ತು ಅಳತೆಪಟ್ಟಿ. ಅಡ್ಡಲಾಗಿ ಗಂಟೆ ನಿಮಿಷಗಳು, ಮೇಲಿಂದ ಕೆಳಕ್ಕೆ ನಿಲ್ದಾಣಗಳು. ಒಂದೊಂದು ರೈಲೂ ಒಂದೊಂದು ಓರೆ ಗೆರೆ. ಅತ್ತಣಿಂದ ಬರುವುದು ಏರುವ ಗೆರೆ, ಇತ್ತಣಿಂದ ಹೋಗುವುದು ಇಳಿಯುವ ಗೆರೆ. ಈಗ ಆ ಗೆರೆಗಳನ್ನು ಕಂಪ್ಯೂಟರ್ ಎಳೆಯುತ್ತದೆ, ವಿಧಾನ ಮಾತ್ರ ಅದೇ. ಪ್ಯಾರಿಸ್ ಮತ್ತು ಲಿಯೋನ್ ನಡುವಿನ ರೈಲುಗಳ ಇಂಥದ್ದೇ ನಕ್ಷೆಯನ್ನು 19ನೆಯ ಶತಮಾನದಲ್ಲಿ ಎತಿಯೆನ್ ಜೂಲ್ ಮರೆ ಎಂಬ ವಿಜ್ಞಾನಿ ತನ್ನ ಪುಸ್ತಕದಲ್ಲಿ ಮುದ್ರಿಸಿ ಹೆಸರುವಾಸಿ ಮಾಡಿದ.

ಒಂದು ಲೆಕ್ಕ ಮಾಡೋಣ. ಸಂಖ್ಯೆಗಳು ನನ್ನವು, ಯಾವ ನಿಜ ಮಾರ್ಗದ್ದೂ ಅಲ್ಲ. ಎರಡು ಊರುಗಳ ನಡುವೆ 120 ಕಿಲೋಮೀಟರ್ ಒಂಟಿ ಹಳಿ. ಈ ತುದಿಯಿಂದ ಬೆಳಿಗ್ಗೆ 6 ಗಂಟೆಗೆ ಒಂದು ಎಕ್ಸ್‌ಪ್ರೆಸ್ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ. ಆ ತುದಿಯಿಂದ ಆರೂವರೆಗೆ ಒಂದು ಗೂಡ್ಸ್ ಗಾಡಿ ಗಂಟೆಗೆ 40ರ ವೇಗದಲ್ಲಿ ಇತ್ತ ಹೊರಡುತ್ತದೆ. ಗೆರೆ ಎಳೆದರೆ ಅವು ಸೇರುವುದು 7 ಗಂಟೆ 24 ನಿಮಿಷಕ್ಕೆ, ಈ ತುದಿಯಿಂದ 84ನೆಯ ಕಿಲೋಮೀಟರಿನಲ್ಲಿ. ಗಣಿತ ಪತ್ರಿಕೆಗೆ ಇದು ಉತ್ತರ, ಪೂರ್ಣ ಅಂಕಗಳು. ಕಂಟ್ರೋಲರಿಗೆ ಇದು ಅಪಘಾತದ ಸ್ಥಳ. 84ನೆಯ ಕಿಲೋಮೀಟರಿನಲ್ಲಿ ನಿಲ್ದಾಣವಿಲ್ಲ. ಒಂದು 72ರಲ್ಲಿದೆ, ಇನ್ನೊಂದು 90ರಲ್ಲಿ. ಎಕ್ಸ್‌ಪ್ರೆಸ್ಸನ್ನು 72ರಲ್ಲಿ ನಿಲ್ಲಿಸಿದರೆ ಅದು 7.12ಕ್ಕೆ ಬಂದು 7.42ರವರೆಗೆ ಕಾಯಬೇಕು, ಅರ್ಧ ಗಂಟೆ. ಗೂಡ್ಸನ್ನು 90ರಲ್ಲಿ ಬದಿಯ ಹಳಿಗೆ ತೆಗೆದುಕೊಂಡರೆ ಅದು 7.15ಕ್ಕೆ ಬಂದು 7.30ರವರೆಗೆ ಕಾದರೆ ಸಾಕು, ಹದಿನೈದು ನಿಮಿಷ. ಹಾಗೆ ಕಾಯುವ ರೈಲಿನ ಗೆರೆ ನಕ್ಷೆಯಲ್ಲಿ ಮಟ್ಟಸವಾಗಿ ಮಲಗುತ್ತದೆ. ಗಡಿಯಾರ ನಡೆಯುತ್ತಿದೆ, ಗಾಡಿ ನಡೆಯುತ್ತಿಲ್ಲ. ಬುತ್ತಿ ಬಿಚ್ಚಿದ ಪ್ರಯಾಣಿಕರಿಗೆ ತಮ್ಮ ಗೆರೆ ಮಲಗಿರುವುದು ಕಾಣಿಸುತ್ತದೆ. ಎದುರಿನಿಂದ ಬರುತ್ತಿರುವ ಇನ್ನೊಂದು ಗೆರೆ ಕಾಣಿಸುವುದಿಲ್ಲ.

ಇನ್ನು ನಾನು ಹೇಳಬೇಕೆಂದಿದ್ದ ಸಂಗತಿಗೆ ಬರುತ್ತೇನೆ. ನಿವೃತ್ತಿಯ ನಂತರ ನಮ್ಮ ಧರ್ಮಕೇಂದ್ರದ ಗುರುಗಳ ಅಪೇಕ್ಷೆಯಂತೆ ಭಾನುವಾರದ ಬಲಿಪೂಜೆಯ ಬಳಿಕ ಸಭಾಭವನದಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಕಳೆದ ವರ್ಷ ಬಂದವರಲ್ಲಿ ಒಬ್ಬ ಆಟೋ ಚಾಲಕರ ಮಗಳಿದ್ದಳು. ತಂದೆ ಬಾಡಿಗೆ ಆಟೋ ಓಡಿಸುವವರು. ದಿನಕ್ಕೆ 300 ರೂಪಾಯಿ ಮಾಲೀಕನಿಗೆ, ತಿಂಗಳಿಗೆ 26 ದಿನವೆಂದರೆ 7,800. ಅವರಿಗೆ ಸ್ವಂತ ಆಟೋ ಕೊಳ್ಳುವ ಆಸೆ. ಒಂದು ಹಣಕಾಸು ಸಂಸ್ಥೆಯ ಪ್ರತಿನಿಧಿ ಮನೆಗೇ ಬಂದು ಹೇಳಿಹೋಗಿದ್ದ: ಮುಂಗಡ 36,000, ಆಮೇಲೆ ತಿಂಗಳಿಗೆ 6,000ದಂತೆ 48 ಕಂತು. "ಈಗ ಕೊಡುತ್ತಿರುವುದು 7,800, ಇನ್ನು ಮೇಲೆ 6,000. ಮೊದಲ ತಿಂಗಳಿನಿಂದಲೇ ನಿಮಗೆ ಲಾಭ." ಆ 36,000 ಮನೆಯಲ್ಲಿತ್ತು. ಮಗಳ ಪಿ.ಯು.ಸಿ. ಪ್ರವೇಶಕ್ಕೆಂದು ತಾಯಿ ನಾಲ್ಕು ವರ್ಷ ಚೀಟಿ ಕಟ್ಟಿ ಕೂಡಿಸಿದ ಹಣ ಅದು. ಒಂದು ವರ್ಷ ಮಗಳು ಯಾವುದಾದರೂ ಅಂಗಡಿಯಲ್ಲಿ ಕೆಲಸಕ್ಕಿದ್ದರೆ, ಲಾಭ ಬಂದ ಮೇಲೆ ಓದಿಸಬಹುದು ಎಂಬ ಮಾತು ಮನೆಯಲ್ಲಿ ನಡೆದಿತ್ತು. ಹುಡುಗಿ ಇದನ್ನೆಲ್ಲ ನನಗೆ ಹೇಳಿದ್ದು ಅಳುತ್ತಾ ಅಲ್ಲ. ಪಾಠದ ನಡುವೆ, ಒಂದು ಲೆಕ್ಕದ ಸಂದೇಹ ಕೇಳುವ ಹಾಗೆ. "ಸರ್, ಇದನ್ನು ನಕ್ಷೆ ಮಾಡೋಕಾಗುತ್ತಾ?"

ಆಗುತ್ತದೆ ಎಂದೆ. ವಿಮೆಗೂ ದುರಸ್ತಿಗೂ ತಿಂಗಳಿಗೆ 800 ಇಟ್ಟುಕೊಂಡು ಅವಳೇ ಎರಡು ಗೆರೆ ಎಳೆದಳು. ಬಾಡಿಗೆಯ ಗೆರೆ ಸೊನ್ನೆಯಿಂದ ಹೊರಟು ತಿಂಗಳಿಗೆ 7,800ರಂತೆ ಏರಿತು. ಸ್ವಂತದ ಗೆರೆ 36,000ದ ಎತ್ತರದಲ್ಲೇ ಹುಟ್ಟಿ ತಿಂಗಳಿಗೆ 6,800ರಂತೆ ಏರಿತು. ಪ್ರತಿನಿಧಿ ಹೇಳಿದ್ದು ಸುಳ್ಳಲ್ಲ, ಎರಡನೆಯ ಗೆರೆಯ ಏರು ನಿಜಕ್ಕೂ ಕಡಿಮೆ. ಅವನು ಏರನ್ನು ಮಾತ್ರ ಹೋಲಿಸಿದ್ದ, ಗೆರೆ ಹುಟ್ಟಿದ ಎತ್ತರವನ್ನು ಬಿಟ್ಟಿದ್ದ. ಆ ಎರಡು ಗೆರೆಗಳು ಎಷ್ಟು ಒತ್ತೊತ್ತಾಗಿ ನಡೆದವೆಂದರೆ, ಎಲ್ಲಿ ಸೇರುತ್ತವೆಂದು ಹೇಳುವುದೇ ಕಷ್ಟವಾಯಿತು. ಪೆನ್ಸಿಲಿನ ಮೊನೆಯ ದಪ್ಪದಲ್ಲೇ ನಾಲ್ಕಾರು ತಿಂಗಳು ಅಡಗಿ ಕುಳಿತಿದ್ದವು. "33 ಇರಬಹುದು, 39 ಇರಬಹುದು" ಎಂದಳು. ನಕ್ಷೆಯ ವಿಧಾನದ ಮಿತಿ ಇದೇ: ಗೆರೆಗಳು ಚೆನ್ನಾಗಿ ಅಡ್ಡ ಹಾಯ್ದರೆ ಚುಕ್ಕೆ ಸ್ಪಷ್ಟ, ಹೆಚ್ಚುಕಡಿಮೆ ಸಮಾಂತರವಾಗಿದ್ದರೆ ಕಣ್ಣನ್ನು ನಂಬಲಾಗದು. ಆಗ ಆದೇಶ ವಿಧಾನವನ್ನೋ ವರ್ಜಿಸುವ ವಿಧಾನವನ್ನೋ ಕರೆಯಬೇಕು. ತಿಂಗಳಿಗೆ ಉಳಿಯುವುದು 1,000, ತುಂಬಬೇಕಾದ ಹಳ್ಳ 36,000. ಆದ್ದರಿಂದ 36 ತಿಂಗಳು. ಎರಡೂ ಸಮೀಕರಣಗಳಲ್ಲಿ ಇಟ್ಟು ನೋಡಿದಳು. ಎರಡೂ ಕಡೆ 2,80,800 ಬಂತು.

ಮುಂದಿನ ಭಾನುವಾರ ತಂದೆಯೂ ಬಂದರು. ಸಮೀಕರಣ ಓದಲು ಅವರಿಗೆ ಬಾರದು, ಗೆರೆ ಓದಿದರು. ಮೂವತ್ತಾರನೆಯ ತಿಂಗಳಿನ ಎಡಕ್ಕೆ ಬೆರಳಿಟ್ಟು, "ಇಲ್ಲಿಯವರೆಗೂ ಸ್ವಂತದ್ದೇ ಮೇಲಿದೆಯಲ್ಲ ಮೇಷ್ಟ್ರೇ. ಅಂದರೆ ಇಲ್ಲಿಯವರೆಗೂ ನಾನು ಹೆಚ್ಚು ಕೊಟ್ಟಿರ್ತೀನಿ" ಎಂದರು. ಆಮೇಲೆ ನಾನಾಗಲಿ ಅವರ ಮಗಳಾಗಲಿ ಯೋಚಿಸದ ಒಂದು ಮಾತು ಹೇಳಿದರು: "ಜ್ವರ ಬಂದು ಮಲಗಿದರೆ ಬಾಡಿಗೆ ಕೊಡೋ ಹಾಗಿಲ್ಲ. ಕಂತಿಗೆ ಭಾನುವಾರವೂ ಇಲ್ಲ, ಜ್ವರವೂ ಇಲ್ಲ." 2020ರ ಲಾಕ್‌ಡೌನ್ ಕಾಲದಲ್ಲಿ ಕಂತುಗಳನ್ನು ಆಗಸ್ಟ್ ಕೊನೆಯವರೆಗೆ ಮುಂದೂಡಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿತ್ತು, ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು. ಅವರ ಆಟೋ ನಿಲ್ದಾಣದ ಗೆಳೆಯರೊಬ್ಬರು ಆಮೇಲೆ ಬಂಡಿಯನ್ನೇ ಕಳೆದುಕೊಂಡಿದ್ದರಂತೆ. ಹುಡುಗಿ ರಬ್ಬರ್ ತೆಗೆದುಕೊಂಡು ಬಾಡಿಗೆಯ ಗೆರೆಯ ನಡುವೆ ಒಂದು ಮಲಗಿದ ತುಂಡನ್ನು ಸೇರಿಸಿದಳು, ಕಾಯುತ್ತಿರುವ ರೈಲಿನ ಗೆರೆಯಂತೆ. ಸಂಧಿಸುವ ಚುಕ್ಕೆ ಇನ್ನೂ ಬಲಕ್ಕೆ ಸರಿಯಿತು.

ನಾನು ಯಾವ ಸಲಹೆಯನ್ನೂ ಕೊಡಲಿಲ್ಲ. ಸ್ವಂತ ಬಂಡಿಯ ಪರವಾಗಿಯೂ ಹೇಳಬೇಕಾದ್ದು ಬಹಳವಿತ್ತು. 48 ಕಂತು ಮುಗಿದ ಮೇಲೆ ಆ ಗೆರೆ ಬಾಗಿ ತಿಂಗಳಿಗೆ 800ಕ್ಕೆ ಇಳಿಯುತ್ತದೆ, ಬಾಡಿಗೆಯ ಗೆರೆ ಏರುತ್ತಲೇ ಹೋಗುತ್ತದೆ, ಮೇಲಾಗಿ ಬಂಡಿ ಸ್ವಂತದ್ದಾಗಿ ಉಳಿಯುತ್ತದೆ. ಅದನ್ನೂ ಎಳೆದು ತೋರಿಸಿದೆವು. ಗೋಪುರ ಕಟ್ಟಬಯಸುವವನು ಮೊದಲು ಕುಳಿತು ಖರ್ಚಿನ ಲೆಕ್ಕ ನೋಡುವುದಿಲ್ಲವೇ ಎಂದು ಪ್ರಭು ಕೇಳಿದ್ದನ್ನು ಸಂತ ಲೂಕರು 14ನೆಯ ಅಧ್ಯಾಯದಲ್ಲಿ ಬರೆದಿದ್ದಾರೆ. ಆ ಮಾತಿನಲ್ಲಿ ನನ್ನ ಗಮನ ಯಾವಾಗಲೂ ಹೋಗುವುದು 'ಕುಳಿತು' ಎಂಬ ಶಬ್ದದ ಮೇಲೆ. ಆ ತಂದೆ ಸಭಾಭವನದ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕುಳಿತಿದ್ದರು. ಹೊರಗೆ ಬಾಡಿಗೆ ಆಟೋ ನಿಂತಿತ್ತು.

ಜೂನ್ ತಿಂಗಳಲ್ಲಿ ಚೀಟಿಯ ಹಣ ಕಾಲೇಜಿಗೆ ಹೋಯಿತು. ಹುಡುಗಿ ವಾಣಿಜ್ಯ ವಿಭಾಗ ಸೇರಿದಳು. ಪರೀಕ್ಷೆಯಲ್ಲಿ ನಕ್ಷೆಯ ಪ್ರಶ್ನೆಗೆ ಪೂರ್ಣ ಅಂಕ ಬಂದದ್ದನ್ನು ಹೇಳಲು ಬಂದಾಗ ಸಿಹಿ ತಂದಿದ್ದಳು. ತಂದೆಗೆ ಅದಕ್ಕಿಂತ, ಅವಳು ಮುಂದೆ ಬ್ಯಾಂಕ್ ಪರೀಕ್ಷೆ ಬರೆಯುತ್ತೇನೆ ಎಂದದ್ದರ ಹೆಮ್ಮೆ.

ಈ ವರ್ಷದ ಆರಂಭದಲ್ಲಿ ಮಾಲೀಕರು ಬಾಡಿಗೆಯನ್ನು ದಿನಕ್ಕೆ 330 ಮಾಡಿದ್ದಾರೆ. ದಿನಕ್ಕೆ ಕೇವಲ 30 ರೂಪಾಯಿ ಹೆಚ್ಚು. ಆದರೆ ಒತ್ತೊತ್ತಾಗಿ ನಡೆಯುವ ಗೆರೆಗಳ ಸ್ವಭಾವ ನೋಡಿ: ತಿಂಗಳ ಬಾಡಿಗೆ 8,580 ಆಯಿತು, ತಿಂಗಳ ಉಳಿತಾಯ ಸಾವಿರದಿಂದ 1,780ಕ್ಕೆ ಹೋಯಿತು, ಸಂಧಿಸುವ ಬಿಂದು 36ನೆಯ ತಿಂಗಳಿನಿಂದ ಇಪ್ಪತ್ತರ ಸ್ವಲ್ಪ ಆಚೆಗೆ ಜಿಗಿದು ಬಂತು. ತಾಯಿ ಮತ್ತೊಂದು ಚೀಟಿ ಹಾಕಿದ್ದಾರೆ. ಕಳೆದ ವಾರ ಬಲಿಪೂಜೆ ಮುಗಿದ ಮೇಲೆ ತಂದೆ ಮಗಳು ಇಬ್ಬರೂ ಸಭಾಭವನಕ್ಕೆ ಬಂದರು. ಮುಂಗಡ 36,000 ಅಲ್ಲದೆ 24,000 ಆಗಿ, ಕಂತು 200 ಹೆಚ್ಚಾದರೆ ಹೇಗೆ ಎಂದು ಕೇಳಿದರು. ಹುಡುಗಿಯ ಚೀಲದಲ್ಲಿ ಹೊಸ ಹಾಳೆ ಇತ್ತು, ಪೆನ್ಸಿಲಿನ ಮೊನೆಯನ್ನು ಈ ಸಲ ಚೂಪಾಗಿ ಕೆತ್ತಿ ತಂದಿದ್ದಳು.